ಕಾರು ತಗ್ಗಿಸಿದ ಕಥೆ

ನನ್ನ ಹತ್ರ ಒಂದು ಮಿಯಾಟಾ ಇದೆ. 2001ರ ಮಾಡೆಲ್, ಎರಡೇ ಸೀಟು, ಟಾಪನ್ನು ಕೈಯಲ್ಲೇ ಹಿಂದಕ್ಕೆ ಎಳೆದು ಮಡಚಬೇಕು. ಊರಿಗೆ ಫೋಟೊ ಕಳಿಸಿದಾಗ ಅಮ್ಮ ಕೇಳಿದ ಮೊದಲ ಪ್ರಶ್ನೆ, "ಮಿಕ್ಕವರು ಎಲ್ಲಿ ಕೂರ್ತಾರೋ?"

ಮಿಕ್ಕವರು ಕೂರೋದಿಲ್ಲ, ಅದೇ ಅದರ ಚೆಂದ. ಸಾವಿರ ಕೆಜಿಗಿಂತ ಒಂಚೂರು ಹೆಚ್ಚು ತೂಕ, ಹಿಂದಿನ ಚಕ್ರಕ್ಕೆ ಪವರ್, ನಾಲ್ಕೂ ಮೂಲೆಗೆ ಡಬಲ್ ವಿಶ್‌ಬೋನ್ ಸಸ್ಪೆನ್ಷನ್. 1989ರಲ್ಲಿ ಮೊದಲ ಮಿಯಾಟಾ ಬಂದಾಗಿನಿಂದ ಮಾಜ್ದಾದವರು ಹೇಳಿಕೊಂಡು ಬಂದಿರೋದು "ಜಿಂಬಾ ಇಟ್ಟಾಯ್" ಅಂತ. ಕುದುರೆ, ಸವಾರ ಎರಡೂ ಒಂದೇ ಆಗೋದು. ನನ್ನ ಕುದುರೆ 1 ಲಕ್ಷ 20 ಸಾವಿರ ಮೈಲಿ ಓಡಿ ಸುಸ್ತಾಗಿತ್ತು. ಒಂದು ಉಬ್ಬು ಹತ್ತಿಳಿದ ಮೇಲೆ ಇನ್ನೂ ಮೂರು ಸಲ ತೂಗಾಡೋದು. ಫ್ರೀಮಾಂಟಿನ ಗೆಳೆಯ ಒಂದು ರೌಂಡ್ ಹೊಡೆದು ಬಂದು, "ಮಗಾ, ಇದು ಕಾರಾ, ದೋಣಿನಾ?" ಅಂದ. ಅದೇ ರಾತ್ರಿ ಕಾಯ್ಲೋವರ್ ಆರ್ಡರ್ ಮಾಡಿದೆ. 900 ಡಾಲರ್. ಹೆಂಡತಿಗೆ ಹೇಳಿದ್ದು, "ಶಾಕ್ಸ್ ಹೋಗಿವೆ, ಹಾಕಿಸ್ಬೇಕು." ಸುಳ್ಳೇನಲ್ಲ.

ಕಾಯ್ಲೋವರ್ ಅಂದ್ರೆ ಶಾಕ್ ಅಬ್ಸಾರ್ಬರಿನ ಮೇಲೇ ಸ್ಪ್ರಿಂಗ್ ಕೂತಿರೋದು, ಅಷ್ಟೇ. ಹಾಗೆ ನೋಡಿದ್ರೆ ಮಿಯಾಟಾಗೆ ಕಂಪನಿಯಿಂದಲೇ ಬರೋದೂ ಕಾಯ್ಲೋವರ್ರೇ. ನಾವು ದುಡ್ಡು ಕೊಡೋದು ತಿರುಗಿಸೋ ಸುಖಕ್ಕೆ. ಶಾಕಿನ ಮೈಗೆ ಬೋಲ್ಟಿನ ಹಾಗೆ ಮರೆ ಕೊರೆದಿರ್ತಾರೆ, ಅದರ ಮೇಲೆ ಬಳೆಯಂಥ ಒಂದು ಕಾಲರ್, ಕಾಲರ್ ಮೇಲೆ ಸ್ಪ್ರಿಂಗ್. ಕಾಲರ್ ಇಳಿಸಿದರೆ ಕಾರು ತಗ್ಗುತ್ತೆ. ಮೇಲ್ಗಡೆ ಇನ್ನೊಂದು ತಿರುಪು, ನನ್ನದರಲ್ಲಿ 32 ಕ್ಲಿಕ್. ಒಳಗಿನ ಎಣ್ಣೆ ಎಷ್ಟು ಸಣ್ಣ ದಾರಿಯಲ್ಲಿ ನುಗ್ಗಬೇಕು ಅನ್ನೋದನ್ನ ಅದು ನಿರ್ಧರಿಸುತ್ತೆ. ಶಾಕ್ ಅಬ್ಸಾರ್ಬರ್ ಅನ್ನೋ ಹೆಸರೇ ತಪ್ಪು ನೋಡಿ. ಏಟು ತಿನ್ನೋದು ಸ್ಪ್ರಿಂಗು. ಏಟು ತಿಂದ ಸ್ಪ್ರಿಂಗು ಕುಣಿಯದ ಹಾಗೆ ಹಿಡಿದು, ಆ ಕುಣಿತವನ್ನ ಎಣ್ಣೆಯಲ್ಲಿ ಬಿಸಿ ಮಾಡಿ ಕಳೆಯೋದು ಶಾಕಿನ ಕೆಲಸ. ಹೊಸ ಸ್ಪ್ರಿಂಗುಗಳು ಮುಂದೆ 7, ಹಿಂದೆ 5. ಅಂದ್ರೆ ಮುಂದಿನದನ್ನ ಒಂದು ಮಿಲಿಮೀಟರ್ ಅದುಮೋಕೆ 7 ಕೆಜಿ ಬೇಕು. ಹಳೇದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಗಟ್ಟಿ.

ಒಂದು ಶನಿವಾರ ಪೂರ್ತಿ ಗೆಳೆಯನ ಮನೆ ಮುಂದೆ ಕಾರನ್ನ ಜಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಕೆಲಸ ಮಾಡಿದ್ವಿ. ತುಕ್ಕು ಹಿಡಿದ ಒಂದು ಬೋಲ್ಟಿಗೇ ಎರಡು ಗಂಟೆ ಹೋಯ್ತು. ಸಂಜೆ ಎಲ್ಲಾ ಬಿಗಿದು ಕೆಳಗಿಳಿಸಿದರೆ ಕಾರು ಮೊದಲಿನಷ್ಟೇ ಎತ್ತರ ನಿಂತಿತ್ತು! ನಾಯಿ ಹಿಂದಿನ ಕಾಲು ಎತ್ತಿದ ಹಾಗೆ ಕಾಣ್ತಿತ್ತು. ಮತ್ತೆ ಎತ್ತಿ, ಕಾಲರ್‌ಗಳನ್ನ ಹೆಚ್ಚುಕಡಿಮೆ ತಳಕ್ಕೆ ಇಳಿಸಿದೆ. ಕ್ಲಿಕ್ಕುಗಳನ್ನೂ ಕೊನೇ ತನಕ ಬಿಗಿದೆ, ಗಟ್ಟಿ ಇದ್ದಷ್ಟೂ ಒಳ್ಳೇದು ಅಂತ.

ಮಾಡಿದ ತಪ್ಪು ಆಮೇಲೆ ಗೊತ್ತಾಯ್ತು. ಸಸ್ಪೆನ್ಷನ್ ಕೈಗಳ ಬುಡದಲ್ಲಿ ರಬ್ಬರ್ ಬುಷ್ ಇರ್ತವೆ. ಚಕ್ರ ಗಾಳಿಯಲ್ಲಿ ನೇತಾಡುವಾಗ ಅವುಗಳ ಬೋಲ್ಟ್ ಬಿಗಿದರೆ ರಬ್ಬರ್ ಅದೇ ಭಂಗಿಯಲ್ಲಿ ಕಚ್ಚಿಕೊಳ್ಳುತ್ತೆ, ಕಾರು ಇಳಿಸಿದಾಗ ತಿರುಚಿಕೊಂಡು ಮೇಲಕ್ಕೆ ತಳ್ಳುತ್ತೆ. ಕಾರಿನ ಭಾರ ಚಕ್ರದ ಮೇಲಿದ್ದಾಗಲೇ ಕೊನೇ ಬಿಗಿತ ಕೊಡಬೇಕು. ನಾವು ಕೊಟ್ಟಿರಲಿಲ್ಲ. ಒಂದೆರಡು ವಾರದಲ್ಲಿ ರಬ್ಬರ್ ಸೋತು ಕಾರು ತಾನಾಗೇ ಇನ್ನಷ್ಟು ಕುಸೀತು. ಮುಂದಿನ ಚಕ್ರದ ನಡುವಿನಿಂದ ಫೆಂಡರ್ ಅಂಚಿಗೆ 11.5 ಇಂಚು. ನೋಡೋಕೆ ಏನ್ ಗುರು! ಆಫೀಸಿನ ಪಾರ್ಕಿಂಗಿನಲ್ಲಿ ಹುಡುಗರು ನಿಂತು ಫೋಟೊ ತೆಗೆದುಕೊಂಡರು. ಹೆಂಡತಿ ಒಂದು ಸಲ ಕೂತಳು. ಕಾಫಿ ಚೆಲ್ಲಿತು. "ಇದರಲ್ಲಿ ಇನ್ನು ನೀನೊಬ್ಬನೇ ಹೋಗು," ಅಂದಳು.

ಒಬ್ಬನೇ ಹೋದೆ. ವುಡ್‌ಸೈಡಿನಿಂದ ಹೈವೇ 84 ಹತ್ತಿ ಸ್ಕೈಲೈನ್ ದಾಟಿದರೆ ಲಾ ಹೋಂಡಾ ಕಡೆಗೆ ಇಳಿಜಾರು. ರೆಡ್‌ವುಡ್ ಮರಗಳು, ನೆರಳು, ತಿರುವಿನ ಮೇಲೆ ತಿರುವು. ಸ್ಪೀಡ್ ಹುಚ್ಚುಚ್ಚಾಗೇನೂ ಇರಲಿಲ್ಲ, 35 ಮೈಲಿ ಇರಬಹುದು. ಒಂದು ಬಲ ತಿರುವಿನ ಮಧ್ಯೆ ತೇಪೆ ಹಾಕಿದ ರಸ್ತೆ, ಸಣ್ಣ ಉಬ್ಬು. ಧಡ್ ಅಂತ ಸದ್ದು ಬಂತು. ಸ್ಟೀರಿಂಗ್ ಕೈಯಲ್ಲಿ ಹಗುರಾಯ್ತು. ಕಾರು ತಿರುಗೋದು ಬಿಟ್ಟು, ಮಗ್ಗುಲಿಗೆ ಹಾರಿ, ಹಳದಿ ಗೆರೆ ದಾಟಿ ಎಡಕ್ಕೆ ಹೋಯ್ತು. ಎದುರಿನಿಂದ ಒಬ್ಬ ಸೈಕಲ್ ತುಳೀತಾ ಏರು ಹತ್ತುತ್ತಿದ್ದ.

ಎರಡು ಮಾರು ಅಂತರ ಇತ್ತು. ವಯಸ್ಸಾದವನು, ಬಿಳಿ ಗಡ್ಡ. ಬೈಲಿಲ್ಲ, ಬೆರಳು ತೋರಿಸಲಿಲ್ಲ. ಸುಮ್ಮನೆ ನನ್ನನ್ನ ನೋಡಿ, ಕಾಲು ಊರಿ ನಿಂತುಬಿಟ್ಟ. ನಾನು ಮುಂದೆ ಜಾಗ ಸಿಕ್ಕಿದ ಕಡೆ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ತುಂಬಾ ಹೊತ್ತು ಕೂತಿದ್ದೆ. ವಾಪಸ್ ಹೋಗಿ ಸಾರಿ ಕೇಳಬೇಕು ಅನ್ನಿಸ್ತು. ಹೋಗಲಿಲ್ಲ.

ಸ್ಯಾನ್ ಹೋಸೆಯಲ್ಲಿ ಅಲೈನ್‌ಮೆಂಟ್ ಮಾಡೋ ಒಬ್ಬ ಮುದುಕ ಇದ್ದಾನೆ, ರೇಸ್ ಕಾರುಗಳನ್ನೂ ಮಾಡ್ತಾನೆ. ಕಾರನ್ನ ಮೇಲೆತ್ತಿ ನೋಡಿ, ಒಂದೇ ಒಂದು ಜಾಗ ತೋರಿಸಿದ. ಶಾಕಿನ ಕಡ್ಡಿಯ ಮೇಲೆ ಬಂಪ್ ಸ್ಟಾಪ್ ಅಂತ ಒಂದು ರಬ್ಬರ್ ತುಂಡು ಇರುತ್ತೆ, ಸ್ಪ್ರಿಂಗಿನ ಓಟ ಮುಗಿದಾಗ ಕೊನೇ ತಡೆ ಅದು. ನನ್ನದು ಜಜ್ಜಿ ಹೋಗಿತ್ತು. ಈ ಥರದ ಕಿಟ್‌ನಲ್ಲಿ ಕಾಲರ್ ಇಳಿಸಿದಷ್ಟೂ ಶಾಕಿಗೆ ಕುಗ್ಗೋ ಜಾಗ ಕಮ್ಮಿ. ತಿರುವಿನಲ್ಲಿ ಹೊರಗಿನ ಚಕ್ರದ ಮೇಲೆ ಭಾರ ಬಿದ್ದಾಗಲೇ ಅದು ರಬ್ಬರಿಗೆ ತಾಗಿತ್ತು. ಉಬ್ಬು ಬಂದಾಗ ಹೀರಿಕೊಳ್ಳೋಕೆ ಏನೂ ಉಳಿದಿರಲಿಲ್ಲ, ಹಾಗಾಗಿ ಟೈರೇ ನೆಲ ಬಿಟ್ಟಿತು. ಗಟ್ಟಿ ಇದ್ದಷ್ಟೂ ಗ್ರಿಪ್ ಅಂದುಕೊಂಡಿದ್ದೆನಲ್ಲ, ನೆಲ ಮುಟ್ಟದ ಟೈರಿಗೆ ಎಂಥಾ ಗ್ರಿಪ್?

ಅವನು ಬುಷ್ ಬೋಲ್ಟ್‌ಗಳನ್ನೆಲ್ಲಾ ಸಡಿಲಿಸಿ, ಹೊಸ ಬಂಪ್ ಸ್ಟಾಪ್ ಹಾಕಿ, ಕಾರನ್ನ ಒಂದೂಕಾಲು ಇಂಚು ಎತ್ತಿದ. ಭಾರ ಕೂರಿಸಿ ಮತ್ತೆ ಬಿಗಿದ. ಆಮೇಲೆ ನಾಲ್ಕು ಚಕ್ರದ ಕೆಳಗೂ ಒಂದೊಂದು ತಕ್ಕಡಿ ಇಟ್ಟು, ನನ್ನನ್ನ ಡ್ರೈವರ್ ಸೀಟಿನಲ್ಲಿ ಕೂರಿಸಿದ. ಅಲ್ಲಾಡಬೇಡ ಅಂದ. ನಮ್ಮ ಹೋಟೆಲುಗಳಲ್ಲಿ ಕುಂಟೋ ಟೇಬಲ್ ಇರುತ್ತಲ್ಲ, ಕಾಗದ ಮಡಚಿ ಒಂದು ಕಾಲಿನಡಿ ಇಟ್ಟರೆ ಭಾರವೆಲ್ಲಾ ಆ ಕಾಲಿಗೂ ಅದರ ಎದುರು ಮೂಲೆಯ ಕಾಲಿಗೂ ಹೋಗುತ್ತೆ. ಕಾರೂ ಹಾಗೇ. ಕಣ್ಣಳತೆಯಲ್ಲಿ ನಾನು ತಿರುಗಿಸಿದ ಕಾಲರ್‌ಗಳಿಂದ ಒಂದು ಕರ್ಣದ ಮೇಲೆ ನೂರಕ್ಕೆ 54, ಇನ್ನೊಂದರ ಮೇಲೆ 46. ಎಡಕ್ಕೊಂದು ಥರ, ಬಲಕ್ಕೊಂದು ಥರ ತಿರುಗೋ ಕಾರು. ಅರ್ಧ ಸುತ್ತು, ಕಾಲು ಸುತ್ತು ಅಂತ ಕಾಲರ್ ಆಡಿಸಿ 50ಕ್ಕೆ ತಂದ. ನಾನು ಒಂದು ಗಂಟೆ ಮೂರ್ತಿ ಥರ ಕೂತಿದ್ದೆ. ಕ್ಲಿಕ್ಕನ್ನ ಮಧ್ಯಕ್ಕಿಂತ ಮೆತ್ತಗೆ ಇಟ್ಟು, "ಇದನ್ನ ಒಂದು ತಿಂಗಳು ಮುಟ್ಟಬೇಡ," ಅಂತ ಎಚ್ಚರಿಕೆ ಕೊಟ್ಟ. ಬಿಲ್ಲು ಕಿಟ್‌ನ ಅರ್ಧ ಬೆಲೆ ಆಯ್ತು, ಜೀವನದಲ್ಲಿ ಇಷ್ಟು ಖುಷಿಯಿಂದ ದುಡ್ಡು ಕೊಟ್ಟಿದ್ದು ಕಮ್ಮಿ.

ಈಗ ಕಾರು ಫೋಟೊಗೆ ಸಾಧಾರಣ. ಓಡಿಸೋಕೆ ಮಾತ್ರ, ರಸ್ತೆಯ ಒಂದೊಂದು ಗೀರೂ ಬೆನ್ನಿಗೆ ಗೊತ್ತಾಗುತ್ತೆ, ಆದರೆ ಯಾವುದೂ ಹೊಡೆಯಲ್ಲ.

"ಅಷ್ಟು ಕಷ್ಟಪಟ್ಟು ಇಳಿಸಿ ಮತ್ತೆ ಯಾಕೆ ಎತ್ತಿಸಿದೆ?" ಅಂತ ಹೆಂಡತಿ ಕೇಳಿದಾಗ, "ಟೈರ್ ಉಜ್ಜುತ್ತಿತ್ತು," ಅಂದಿದ್ದೆ. ಮೂರು ತಿಂಗಳಾದ ಮೇಲೆ ಒಂದು ಭಾನುವಾರ ಅವಳೇ ಬರ್ತೀನಿ ಅಂದಳು. ಅದೇ ರಸ್ತೆ. ಆ ತಿರುವು ಬರೋಕೆ ಮುಂಚೆಯೇ ನನ್ನ ಕಾಲು ಬ್ರೇಕಿಗೆ ಹೋಯ್ತು, ಹಿಂದಿನವನು ಹಾರ್ನ್ ಹೊಡೆಯುವಷ್ಟು ನಿಧಾನ ಮಾಡಿದೆ. ಅವಳು ನನ್ನ ಮುಖ ನೋಡಿದಳು. "ಇಲ್ಲಿ ಏನಾಯ್ತು?" ಅಂದಳು. ಗಾಡಿ ಪಕ್ಕಕ್ಕೆ ಹಾಕಿ ಎಲ್ಲಾ ಹೇಳಿದೆ, ಗಡ್ಡದವನದೂ ಸೇರಿಸಿ. ಅವಳು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಕೀ ಕೊಡು," ಅಂದಳು. ಸಮುದ್ರದ ತನಕ ಅವಳೇ ಓಡಿಸಿದಳು.