ಕೊಳಗ ಇಳಿಸಿದ ಪಾಠ

ಸಂವಿಧಾನದ ಪಾಠವೆಂದರೆ ಹೈಸ್ಕೂಲು ಮಕ್ಕಳಿಗೆ ಸಾಮಾನ್ಯವಾಗಿ ಬಾಯಿಪಾಠದ ಬಾಬತ್ತು: ಮೂಲಭೂತ ಹಕ್ಕುಗಳು ಆರು, ಅಂಕ ಎರಡು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಸಮಾಜ ವಿಜ್ಞಾನ ಹೇಳುವ ಮೇಷ್ಟ್ರಿಗೆ ಮಾತ್ರ ಆ ಅಧ್ಯಾಯ ಬಂತೆಂದರೆ ಹಬ್ಬ. ಉದಾಹರಣೆಗೆ ದಿಲ್ಲಿವರೆಗೆ ಹೋಗಬೇಕಿಲ್ಲ. ಯಾರದಾದರೂ ಮನೆಯ ಅಟ್ಟದಿಂದ ಹಳೆಯ ಕೊಳಗವೊಂದನ್ನು ಇಳಿಸಿ ತರಿಸಿದರೆ ಸಾಕು.

ಮೇಜಿನ ಮೇಲೆ ಅದು ಕೂತ ಕೂಡಲೇ ಹಿಂದಿನ ಬೆಂಚಿನವರೂ ಕತ್ತು ಚಾಚುತ್ತಾರೆ. ಗೇಣಿ ಭತ್ತ ಅಳೆಯಲು ಒಡೆಯರು ದೊಡ್ಡ ಕೊಳಗ ಹಿಡಿಯುತ್ತಾರೆಂಬುದು ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರ ತಕರಾರಾಗಿತ್ತು. ಸಂವಿಧಾನ ಜಾರಿಗೆ ಬಂದ ಮರುವರ್ಷ, 1951ರಲ್ಲಿ, ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಅದೇ ಸತ್ಯಾಗ್ರಹವಾಯಿತು. ಜೂನಿನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದರು, ಬಂಧನಕ್ಕೊಳಗಾದರು.

ಇನ್ನು ಪಾತ್ರ ಹಂಚಿಕೆ: ಅರ್ಧ ತರಗತಿ ಒಡೆಯರು, ಅರ್ಧ ಗೇಣಿದಾರರು. ‘14ನೇ ವಿಧಿ ಸಾರ್, ಎಲ್ಲರೂ ಸಮಾನರು!’ ಎಂದು ಗೇಣಿದಾರರ ಬೆಂಚು ಗುದ್ದುತ್ತದೆ. ಒಡೆಯರ ಕಡೆಯಲ್ಲೊಬ್ಬ ಚುರುಕಿನ ಹುಡುಗಿ ಇದ್ದೇ ಇರುತ್ತಾಳೆ: ‘ಅದು ಸರ್ಕಾರಕ್ಕೆ ಹಾಕಿದ ಕಟ್ಟು. ನಾವೇನು ಸರ್ಕಾರವಾ? ಆಗ ಆಸ್ತಿಯೂ ಮೂಲಭೂತ ಹಕ್ಕೇ, 31ನೇ ವಿಧಿ ನೋಡಿ.’

ಮೇಷ್ಟ್ರಿಗೆ ಇದಕ್ಕಿಂತ ಸುಖ ಬೇರೆ ಬೇಕೆ! ಅವರು ಹಲಗೆಯ ಮೇಲೆ ಬರೆಯುವುದು ಒಂದೇ ತಾರೀಖು: 18 ಜೂನ್ 1951. ಇಲ್ಲಿ ಸತ್ಯಾಗ್ರಹ ಕಾವೇರಿದ್ದ ಅದೇ ತಿಂಗಳು ದಿಲ್ಲಿಯಲ್ಲಿ ಸಂವಿಧಾನದ ಮೊದಲ ತಿದ್ದುಪಡಿಯಾಯಿತು. ಜಮೀನ್ದಾರಿ ರದ್ದತಿಯಂಥ ಕಾಯ್ದೆಗಳ ರಕ್ಷಣೆಗೆ ಒಂಬತ್ತನೇ ಅನುಸೂಚಿ ಹುಟ್ಟಿತು. ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ, ಕರ್ನಾಟಕದ ಭೂಸುಧಾರಣಾ ತಿದ್ದುಪಡಿ ಉಳುವವನಿಗೆ ಹೊಲದ ದಾರಿ ತೆರೆಯಿತು. 1978ರ 44ನೇ ತಿದ್ದುಪಡಿ ಆಸ್ತಿಯನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದಲೇ ತೆಗೆಯಿತು.

ಮೂರು ತಾಲ್ಲೂಕನ್ನೂ ಒಂದೇ ದಾರಕ್ಕೆ ಪೋಣಿಸುವವರು ಕಾಗೋಡು ಸತ್ಯಾಗ್ರಹದಲ್ಲಿದ್ದ ಸಮಾಜವಾದಿ ಶಾಂತವೇರಿ ಗೋಪಾಲಗೌಡರು. ಹುಟ್ಟಿದ್ದು ತೀರ್ಥಹಳ್ಳಿಯ ಆರಗದಲ್ಲಿ. 1952ರ ಮೊದಲ ಚುನಾವಣೆಯಲ್ಲಿ ಗೆದ್ದಿದ್ದು ಸಾಗರ-ಹೊಸನಗರ ಕ್ಷೇತ್ರದಿಂದ. 326ನೇ ವಿಧಿ ಒಡೆಯನಿಗೂ ಗೇಣಿದಾರನಿಗೂ ಒಂದೇ ಅಳತೆಯ ಮತ ಕೊಟ್ಟಿತ್ತೆಂದು ವಿವರಿಸಲು ಬೇರೆ ಚಿತ್ರಪಟ ಬೇಡ.

ಮರುದಿನ ಇತಿಹಾಸಕ್ಕೆ ರಜೆ. ಊರಿನ ಕಾಲುಸಂಕದ ಬಗ್ಗೆ ಮಾಹಿತಿ ಹಕ್ಕಿನ ಅರ್ಜಿ ಬರೆಯುವ ಅಭ್ಯಾಸ. ‘ಸಂಕ ಯಾಕೆ ಮಾಡಿಲ್ಲ?’ ಎಂದು ಮಕ್ಕಳು ಸಿಟ್ಟಿನಲ್ಲೇ ಶುರುಮಾಡುತ್ತಾರೆ. ಮೇಷ್ಟ್ರು ಅದರ ಮೇಲೆ ಗೀಟು ಎಳೆಯುತ್ತಾರೆ: ಕಾರಣ ಕೇಳಿದರೆ ಜಾರಿಕೊಳ್ಳುತ್ತಾರೆ, ಕಡತ ಕೇಳಿ. ಮಂಜೂರಾದ ವರ್ಷ, ಮೊತ್ತ, ಕಾಮಗಾರಿ ಆದೇಶದ ಪ್ರತಿ. ಶುಲ್ಕ 10 ರೂಪಾಯಿ, ಗಡುವು 30 ದಿನ.

‘ಉತ್ತರ ಬರದಿದ್ರೆ ಸಾರ್?’

‘ಮೇಲ್ಮನವಿ’ ಎಂದು ಹಲಗೆ ಒರೆಸುತ್ತಾರೆ. ಮಕ್ಕಳು ಹೊಸ ಹಾಳೆ ತಿರುಗಿಸುತ್ತಾರೆ.