ಸಲಾಲಾಕ್ಕೆ ಸಾವಿರ ಕಿಲೋಮೀಟರು

ಒಮಾನಿನ ರಾಜಧಾನಿ ಮಸ್ಕತ್ ಅಗಲವಿಲ್ಲದ ಊರು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಬೋಳು ಬೆಟ್ಟ. ನಡುವಿನ ಪಟ್ಟಿಯಲ್ಲಿ ಊರು ಹತ್ತಾರು ಕಿಲೋಮೀಟರು ಚಾಚಿಕೊಂಡಿದೆ. ಅದರ ಉದ್ದಕ್ಕೂ ಸುಲ್ತಾನ್ ಕಾಬೂಸ್ ಹೆದ್ದಾರಿ. 1970ರಲ್ಲಿ ಕಾಬೂಸ್ ಪಟ್ಟಕ್ಕೆ ಬಂದಾಗ ಇಡೀ ದೇಶದಲ್ಲಿ ಇದ್ದ ಡಾಂಬರು ರಸ್ತೆ ಹತ್ತು ಕಿಲೋಮೀಟರಿನಷ್ಟು ಮಾತ್ರ ಎನ್ನುತ್ತಾರೆ. 2020ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಬೆಟ್ಟದ ಮೂಲೆಯ ಹಳ್ಳಿಗೂ ನುಣುಪಾದ ರಸ್ತೆ ತಲುಪಿತ್ತು. ಶಿರಾಡಿ ಘಾಟಿಯ ಗುಂಡಿಗಳಲ್ಲಿ ಬೆನ್ನು ನೋಯಿಸಿಕೊಂಡು ಬಂದ ಮಂಗಳೂರು, ಉಡುಪಿ ಕಡೆಯವರು ಮೊದಲ ವಾರ ಮನೆಗೆ ಫೋನು ಮಾಡಿ ಹೊಗಳುವುದು ಈ ರಸ್ತೆಗಳನ್ನೇ. ಗೊಣಗಾಟ ಶುರುವಾಗುವುದು ಎರಡನೆಯ ವಾರದಿಂದ.

ಏಕೆಂದರೆ ಈ ಊರನ್ನು ಕಟ್ಟಿರುವುದು ಕಾರಿದ್ದವರಿಗೆ. ಕಾರಿಲ್ಲದ ಹೊಸಬನಿಗೆ ಎದುರಿಗೆ ಕಾಣುವ ಅಂಗಡಿಯೂ ದೂರವೇ. ನಡುವೆ ಹೆದ್ದಾರಿ ಹರಿಯುತ್ತಿರುತ್ತದೆ. ಮೇಲ್ಸೇತುವೆ ಹುಡುಕಿಕೊಂಡು ನಲವತ್ತೈದು ಡಿಗ್ರಿ ಬಿಸಿಲಿನಲ್ಲಿ ಒಂದು ಮೈಲಿ ನಡೆಯುವ ಬದಲು ಬೇಲಿ ಹಾರಿ ಓಡುವವರಿದ್ದಾರೆ. ಹೆಚ್ಚಿನವರು ಕಟ್ಟಡ ಕೆಲಸದವರು, ದಿನದ ದುಡಿಮೆ ಮುಗಿಸಿ ಮುಸ್ಸಂಜೆಯಲ್ಲಿ ಕೋಣೆಗೆ ಮರಳುವವರು. ನಮ್ಮಲ್ಲಿ ವಾಹನ ಬಲದಿಂದ ಬರುತ್ತದೆ, ಅಲ್ಲಿ ಎಡದಿಂದ. ಊರಿನಲ್ಲಿ ರಸ್ತೆ ದಾಟಿ ಅಭ್ಯಾಸವಾದ ಕತ್ತು ಮೊದಲು ತಿರುಗುವುದು ತಪ್ಪು ದಿಕ್ಕಿಗೆ. ಕೊಳೆ ಹಿಡಿದ ಕಾರಿಗೆ ದಂಡ ಹಾಕುವಷ್ಟು ಶಿಸ್ತಿನ ಊರು ಇದು. ಕಾಲ್ನಡಿಗೆಯವನ ಮಟ್ಟಿಗೆ ಆ ಶಿಸ್ತು ಬಹಳ ವರ್ಷ ಅಷ್ಟಾಗಿ ಯೋಚಿಸಲಿಲ್ಲ. ಸರಕಾರಿ ಸಿಟಿ ಬಸ್ಸುಗಳು ಹೊಸ ರೂಪದಲ್ಲಿ ಓಡತೊಡಗಿದ್ದೇ 2015ರ ಕೊನೆಯಲ್ಲಿ. ಅಲ್ಲಿಯವರೆಗೆ ಕಿತ್ತಳೆ-ಬಿಳಿ ಬಣ್ಣದ ಟ್ಯಾಕ್ಸಿಯವನೊಡನೆ, ಮುರುಕು ಅರಬ್ಬಿಯಲ್ಲಿ, ಬಾಡಿಗೆ ಚೌಕಾಶಿ.

ಸರಿ, ಲೈಸೆನ್ಸ್ ತೆಗೆದುಕೊಳ್ಳೋಣವೆಂದರೆ ಊರಲ್ಲಿ ಇಪ್ಪತ್ತು ವರ್ಷ ಕಾರು ಓಡಿಸಿದವನೂ ಪರೀಕ್ಷೆಗೆ ನಿಲ್ಲಬೇಕು. ಸಾಲು ಡ್ರಮ್ಮುಗಳ ನಡುವೆ ಗಾಡಿಯನ್ನು ಹಿಂದಕ್ಕೆ ತೆಗೆಯುವ ‘ಡ್ರಮ್ ಟೆಸ್ಟ್’, ದಿಣ್ಣೆಯ ಮೇಲೆ ಹಿಂದೆ ಸರಿಯದಂತೆ ನಿಲ್ಲಿಸುವ ಪರೀಕ್ಷೆ, ಕೊನೆಗೆ ಪೊಲೀಸ್ ಅಧಿಕಾರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ರಸ್ತೆ ಪರೀಕ್ಷೆ. ಮೂರು ನಾಲ್ಕು ಸಲ ಫೇಲಾದವರು ರೂವಿಯ ಹೋಟೆಲುಗಳಲ್ಲಿ ಚಹಾ ಕುಡಿಯುತ್ತಾ ಸಮದುಃಖಿಗಳಾಗುತ್ತಾರೆ. ಬೈಗುಳದಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಂಬ ಭೇದವಿಲ್ಲ.

ಆದರೂ ನಿಜವಾದ ಪರೀಕ್ಷೆ ಇರುವುದು ನಗರದ ಆಚೆ, ಸಲಾಲಾದ ದಾರಿಯಲ್ಲಿ. ಜೂನ್ ಕೊನೆಯಿಂದ ಸೆಪ್ಟೆಂಬರಿನವರೆಗೆ, ಅರಬಸ್ತಾನವೆಲ್ಲ ಕಾದ ಹೆಂಚಾಗಿರುವಾಗ, ದಕ್ಷಿಣದ ದೋಫಾರ್ ಬೆಟ್ಟಗಳಿಗೆ ಮುಂಗಾರಿನ ಅಂಚು ತಗಲುತ್ತದೆ. ‘ಖರೀಫ್’ ಎನ್ನುವ ಆ ಕಾಲದಲ್ಲಿ ಅಲ್ಲಿ ಜಿನುಗು ಮಳೆ, ಮಂಜು, ಹಸುರು. ಸಲಾಲಾದಲ್ಲಿ ತೆಂಗಿನ ತೋಟವಿದೆ, ಬಾಳೆಗೊನೆ ತೂಗುಹಾಕಿದ ರಸ್ತೆಬದಿಯ ಅಂಗಡಿಯಿದೆ. ಕರಾವಳಿಯವನಿಗೆ ಇನ್ನೇನು ಬೇಕು? ವಿಮಾನವಿದೆ ನಿಜ. ಆದರೆ ಹೆಂಡತಿ, ಮಕ್ಕಳು, ಅಲ್ಲಿ ಓಡಾಡಲು ಬಾಡಿಗೆ ಕಾರು ಎಂದು ಲೆಕ್ಕ ಹಾಕಿದರೆ ಸ್ವಂತ ಕಾರೇ ಅಗ್ಗ.

ಸುಮಾರು ಸಾವಿರ ಕಿಲೋಮೀಟರು. ಆದಮ್ ದಾಟಿದ ಮೇಲೆ ಮರ, ಮನೆ, ತಿರುವು ಏನೂ ಇಲ್ಲ. ಜಿದ್ದತ್ ಅಲ್ ಹರಾಸೀಸ್ ಎಂಬ ಜಲ್ಲಿಕಲ್ಲಿನ ಬಯಲು ತಾಸುಗಟ್ಟಲೆ ಚಪ್ಪಟೆಯಾಗಿ ಬಿದ್ದುಕೊಂಡಿರುತ್ತದೆ. ನಡುವೆ ಹೈಮಾ ಎಂಬ ಪುಟ್ಟ ಊರು, ಅಲ್ಲೊಂದು ಇಲ್ಲೊಂದು ಪೆಟ್ರೋಲ್ ಬಂಕು. ಗುಂಡಿ ಬಿದ್ದ ರಸ್ತೆ ಚಾಲಕನನ್ನು ಎಚ್ಚರವಾಗಿಡುತ್ತದೆ. ಇಂಥ ರಸ್ತೆ ಲಾಲಿ ಹಾಡುತ್ತದೆ. ಗಂಟೆಗೆ ನೂರಿಪ್ಪತ್ತು ದಾಟಿದೊಡನೆ ಟಿಂಗ್ ಟಿಂಗ್ ಎಂದು ಎಚ್ಚರಿಸುವ ಗಂಟೆ ಗಲ್ಫಿನ ಹಳೆಯ ಕಾರುಗಳಲ್ಲಿತ್ತು. ಹತ್ತು ನಿಮಿಷ ಕೇಳಿದರೆ ಅದೂ ಲಾಲಿಯೇ. ಬಹಳ ಕಾಲ ಈ ದಾರಿ ಹೋಗುವುದಕ್ಕೂ ಬರುವುದಕ್ಕೂ ಒಂದೇ ಆಗಿತ್ತು. ಲಾರಿಯೊಂದನ್ನು ಹಿಂದೆ ಹಾಕಲು ಹೊರಟವನಿಗೆ ಎದುರಿನಿಂದ ಬರುವ ದೀಪ ಎಷ್ಟು ದೂರದಲ್ಲಿದೆಯೆಂದು ಆ ಸಪಾಟು ಬಯಲಿನಲ್ಲಿ ಅಂದಾಜಾಗುತ್ತಿರಲಿಲ್ಲ. ಮಧ್ಯೆ ವಿಭಜಕವಿಟ್ಟು ಜೋಡಿ ರಸ್ತೆ ಮಾಡುವ ಕೆಲಸ ಕಂತುಕಂತಾಗಿ ನಡೆದು ಬಂದಿದೆ.

ಇನ್ನು ಒಂಟೆ. ನೀಳ ಕಾಲಿನ ಪ್ರಾಣಿ. ಬಂಪರು ಕಾಲಿಗೆ ತಗಲಿದರೆ ಇಡೀ ದೇಹ ಗಾಜು ಒಡೆದು ಮುಂದಿನ ಸೀಟಿನ ಮೇಲೆಯೇ ಬೀಳುತ್ತದೆ. ಮರಳಿನ ಬಣ್ಣವೇ ಅದರ ಮೈಬಣ್ಣ. ಕತ್ತಲಲ್ಲಿ ಕಂಡಾಗ ಬ್ರೇಕಿಗೆ ಸಮಯವಿರುವುದಿಲ್ಲ. ತುಮ್ರೈತ್ ಕಳೆದು ಬೆಟ್ಟ ಇಳಿಯುವಲ್ಲಿ ಮಂಜು ಬೇರೆ. ಯಾವ ಮಂಜನ್ನು ನೋಡಲು ಅಷ್ಟು ದೂರ ಬಂದರೋ ಅದೇ ಮುಂದಿನ ಗಾಡಿಯನ್ನು ಮರೆಮಾಡುತ್ತದೆ.

2012ರಲ್ಲಿ ಒಮಾನಿನ ರಸ್ತೆಗಳಲ್ಲಿ ಸತ್ತವರು ಸಾವಿರಕ್ಕೂ ಹೆಚ್ಚು. ಆಗ ದೇಶದ ಜನಸಂಖ್ಯೆ ನಾಲ್ಕು ದಶಲಕ್ಷವೂ ಇರಲಿಲ್ಲ. ಮುಂದಿನ ವರ್ಷಗಳಲ್ಲಿ ಕ್ಯಾಮರಾಗಳೂ ಬಿಗಿ ಕಾನೂನೂ ಬಂದವು, ಸಂಖ್ಯೆ ಸಾಕಷ್ಟು ಇಳಿಯಿತು. ಆದರೆ ಪರದೇಶದ ಸಾವು ಸ್ಥಳದಲ್ಲಿಯೇ ಮುಗಿಯುವುದಿಲ್ಲ. ಪೊಲೀಸ್ ಕಾಗದ, ರಾಯಭಾರ ಕಚೇರಿಯ ಕಾಗದ, ಶವ ಕೆಡದಂತೆ ಇಡುವ ಏರ್ಪಾಡು, ವಿಮಾನದಲ್ಲಿ ಪೆಟ್ಟಿಗೆಗೆ ಜಾಗ. ಇವಕ್ಕೆಲ್ಲ ಓಡಾಡುವವರು ರಜೆ ಹಾಕಿ ಬಂದ ಊರವರು. ಬಜಪೆ ವಿಮಾನ ನಿಲ್ದಾಣದ ಹೊರಗೆ ಕಾಯುವ ಮನೆಯವರಿಗೆ ಸಾವಿನ ಸುದ್ದಿ ತಿಳಿದು ಎಷ್ಟೋ ದಿನಗಳಾಗಿರುತ್ತವೆ.

ಇಷ್ಟೆಲ್ಲ ಗೊತ್ತಿದ್ದೂ ಪ್ರತಿ ಖರೀಫಿಗೆ ಕಾರುಗಳು ಹೊರಡುತ್ತವೆ. ಹಗಲಲ್ಲಿ ಹೋಗಿ, ಎರಡು ಗಂಟೆಗೊಮ್ಮೆ ಇಳಿದು ಕಾಲಾಡಿಸಿ ಎಂದು ಅನುಭವಿಗಳು ಬುದ್ಧಿ ಹೇಳುತ್ತಾರೆ. ಆದರೆ ವಾರದ ರಜೆ ಶುಕ್ರವಾರ, ಶನಿವಾರ. ಅದಕ್ಕೊಂದು ದಿನ ಅಂಟಿಸಿಕೊಂಡರೂ ಭಾನುವಾರ ಬೆಳಿಗ್ಗೆ ಕಚೇರಿಯಲ್ಲಿ ಹಾಜರಿರಬೇಕು. ಹಾಗಾಗಿ ಗುರುವಾರ ಬೆಳಗಿನ ಜಾವದೊಳಗೆ ಅರ್ಧ ದಾರಿ ಮುಗಿಸಬೇಕೆಂದು, ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು, ಹೆಚ್ಚಿನವರು ಮಸ್ಕತ್ ಬಿಡುವುದು ಬುಧವಾರ ರಾತ್ರಿ ಊಟ ಮುಗಿಸಿದ ಮೇಲೆಯೇ.