ಕೆಳಗಿನ ಹೊಲ ನೋಡಿದಿ?

ದೀಪಾವಳಿಗೆ ಊರಿಗೆ ಹೋದಾಗ ಅಪ್ಪ ಕೇಳಿದ, "ಯಾಕಪಾ, ಮಾರಿ ಸಪ್ಪಗ ಮಾಡೀದಿ?"

ನಮ್ಮೂರು ಮೂಡಲಗಿ ಹತ್ತಿರ. ಹುಕ್ಕೇರಿ ತಾಲೂಕಿನ ಹಿಡಕಲ್ ಡ್ಯಾಮಿನಿಂದ ಬಿಟ್ಟ ನೀರು ಧೂಪದಾಳದ ಹತ್ತಿರ ಘಟಪ್ರಭಾ ಎಡದಂಡೆ ಕಾಲುವೆಗೆ ತಿರುಗಿ ನಮ್ಮ ಕಬ್ಬಿಗೆ ಬರುತ್ತದೆ. ನಾನು ಬೆಂಗಳೂರಲ್ಲಿ ಕಂಪೈಲರ್ ಕೆಲಸ ಮಾಡೋನು. ಅಪ್ಪನಿಗೆ ಏನಂತ ಹೇಳಲಿ?

ಆಗಿದ್ದು ಇಷ್ಟೇ. ನಮ್ಮ ಲ್ಯಾಪ್‌ಟಾಪಿನ ಎಕ್ಸ್86 ಪ್ರೊಸೆಸರಿನಲ್ಲಿ ರಿಜಿಸ್ಟರ್ ಅಗಲ 64 ಬಿಟ್. ಅದರ ಕೆಳಗಿನ 32 ಬಿಟ್ ಹೆಸರಲ್ಲೇ ಬರೆದರೆ ಸೂಚನೆ ಚಿಕ್ಕದಾಗುತ್ತದೆ, ಮೇಲಿನ 32 ಬಿಟ್ ತಾವಾಗಿಯೇ ಸೊನ್ನೆಯಾಗುತ್ತವೆ. ಎಕ್ಸಾರ್ ಮಾಡಿ ಸೊನ್ನೆ ತುಂಬಲು 3 ಬೈಟ್ ಬದಲು 2 ಸಾಕು. ಇದು ಪಕ್ಕಾ ಸುರಕ್ಷಿತ.

ನಾನು ಅದೇ ಹುಮ್ಮಸ್ಸಿನಲ್ಲಿ ಚಿಕ್ಕ ಸಂಖ್ಯೆಗಳನ್ನೆಲ್ಲ ಹಾಗೇ ತುಂಬಿಸಿದೆ. 7 ಬೈಟಿನ ಸೂಚನೆ 5ಕ್ಕೆ ಇಳಿಯಿತು. ಟೆಸ್ಟ್ ಎಲ್ಲ ಪಾಸು, ಟೀಮಲ್ಲಿ ಚಪ್ಪಾಳೆ. ಆದರೆ -1 ಕೂಡ ಚಿಕ್ಕ ಸಂಖ್ಯೆಯೇ! ಮೇಲಿನ ಬಿಟ್‌ಗಳು ಸೊನ್ನೆಯಾದ ಮೇಲೆ ಅದು -1 ಆಗಿ ಉಳಿಯಲಿಲ್ಲ, 4294967295 ಆಯಿತು. ಮುಂದೆಲ್ಲೋ 64 ಬಿಟ್‌ನಲ್ಲಿ "ಸೊನ್ನೆಗಿಂತ ಕಡಿಮೆಯೇ?" ಅಂತ ನೋಡುವ ಕೋಡು ತಪ್ಪು ದಾರಿ ಹಿಡಿಯಿತು. ಗಿರಾಕಿಯ ಕೆಲಸ ಒಂದಿಡೀ ರಾತ್ರಿ ನಿಂತಿತು.

ಅಪ್ಪನಿಗೆ ಕಾಲುವೆ ಲೆಕ್ಕದಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ: "ನಾನೂ ಹಂಗ ಮಾಡಿದ್ದೆ. ಎರಡ ಸಾಲ ಕಬ್ಬ ಜಾಸ್ತಿ ಹಚ್ಚಾಕ ಹೊಲದಾಗಿನ ಕಾಲಿವಿ ಸಣ್ಣದ ಮಾಡಿದೆ. ನಮ್ಮ ಹೊಲಕ್ಕ ಸಾಕಾತು. ಕೆಳಗ ನಿಮ್ಮ ಕಾಕಾನ ಕಬ್ಬ ಒಣಗಿತು. ಮುಂದಿನ ವರ್ಷ ಕಾಲಿವಿ ಮೊದಲಿನಂಗ ಮಾಡಿದೆ ಖರೆ, ಆಂವ ನಮ್ಮ ಮನ್ಯಾಗ ಚಾ ಕುಡಿಯಾಕ ನಾಕ ವರ್ಷ ಹಿಡೀತು."

ಅಣ್ತಮ್ಮರ ಮುನಿಸಿಗೆ ಕಾರಣ ಕಾಕಾನೇ ಅಂತ ನಾನು ಅಲ್ಲೀತನಕ ತಿಳಿದಿದ್ದೆ.

ವಾಪಸ್ ಬಂದು ಪ್ಯಾಚ್ ತಿದ್ದಿದೆ. ಈಗ ರಿಜಿಸ್ಟರ್ ಕಿರಿದು ಮಾಡೋ ಮುಂಚೆ ಎರಡು ಪ್ರಶ್ನೆ: ಮೇಲಿನ 32 ಬಿಟ್ ಹೇಗಿದ್ದರೂ ಸೊನ್ನೆಯೇ? ಅಲ್ಲದಿದ್ದರೆ, ಮುಂದೆ ಅವನ್ನು ಯಾರಾದರೂ ಓದುತ್ತಾರೆಯೇ? ಅನುಮಾನವಿದ್ದರೆ ಮುಟ್ಟೋದಿಲ್ಲ. ಉಳಿತಾಯ ಮೊದಲಿನಷ್ಟಿಲ್ಲ, ಇರಲಿ.

ಅಂದಹಾಗೆ, ಬೆಂಗಳೂರಿಗೆ ಹೊರಡೋ ದಿನ ಗೋಕಾಕದಲ್ಲಿ ಎರಡು ಡಬ್ಬಿ ಕರದಂಟು ತಗೊಂಡಿದ್ದೆ. ಒಂದು ಟೀಮಿಗೆ. ಇನ್ನೊಂದನ್ನು ಅಪ್ಪನ ಕೈಗಿಟ್ಟೆ. ಯಾರಿಗೆ ಅಂತ ಅಪ್ಪ ಕೇಳಲಿಲ್ಲ.